ನೆರವಿಗೆ ಓಡುವ ಕಾಲುಗಳ ಹಿಂದೆ ಯಾವ ಮನಸ್ಸಿದೆ?

2018ರ ಆಗಸ್ಟ್ ತಿಂಗಳ ಮೂರನೆಯ ವಾರ. ನಾಡು ಸ್ವಾತಂತ್ರ್ಯೋತ್ಸವ ಆಚರಿಸುತ್ತಿದ್ದ ಹೊತ್ತಿನಲ್ಲೇ ಕೊಡಗಿನ ಗುಡ್ಡಗಳು ಕುಸಿಯತೊಡಗಿದ್ದವು. ಮಡಿಕೇರಿ ತಾಲೂಕಿನ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆಯ ಜನರು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಪರಿಹಾರ ಕೇಂದ್ರಗಳನ್ನು ಸೇರಿದರು. ಅಲ್ಲಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರು ನಗರದಲ್ಲಿ ಆ ವಾರ ಶಾಲೆ, ಕಾಲೇಜು, ಇಗರ್ಜಿ, ಮಠ, ಮಸೀದಿ, ಸಂಘ ಸಂಸ್ಥೆಗಳ ಅಂಗಳಗಳೆಲ್ಲ ಗೋದಾಮುಗಳಾದವು. ಅಕ್ಕಿ ಮೂಟೆ, ಕಂಬಳಿ, ಬಿಸ್ಕೆಟ್, ಔಷಧಿಗಳನ್ನು ವಿಂಗಡಿಸಿ ಕಟ್ಟಿ ಲಾರಿಗೆ ಏರಿಸುವ ಕೆಲಸಕ್ಕೆ ಯಾರೂ ಕರೆಯದೆ ಜನ ಬಂದರು.

ಅಂಥ ಒಂದು ಅಂಗಳದಲ್ಲಿ ಅಂದು ನಾವೂ ಒಂದು ಸಂಜೆ ನಿಂತಿದ್ದೆವು. ಕೆಲಸದ ನಡುವೆ ಚಹಾ ಕುಡಿಯಲು ಕುಳಿತವರನ್ನು ಸುಮ್ಮನೆ ಕೇಳಿದೆವು: "ನೀವು ಯಾಕೆ ಬಂದಿರಿ?" ಉತ್ತರಗಳು ಒಂದೇ ಥರ ಇರಲಿಲ್ಲ. "ಹಾಸ್ಟೆಲಿನಲ್ಲಿ ಕೂತು ಮೊಬೈಲಿನಲ್ಲಿ ಆ ವಿಡಿಯೋಗಳನ್ನೇ ನೋಡಿ ನೋಡಿ ತಡೆಯಲಾಗಲಿಲ್ಲ ಫಾದರ್" ಎಂದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. "ಗೆಳೆಯರೆಲ್ಲ ಬಂದರು, ನಾನೂ ಬಂದೆ" ಎಂದ ಅವನ ಪಕ್ಕದವನು. ಸೋಮವಾರಪೇಟೆಯಲ್ಲಿ ತವರು ಮನೆಯಿದ್ದ ಒಬ್ಬ ತಾಯಿ, ಅಲ್ಲಿಗೆ ಹೋಗಲು ದಾರಿಯಿಲ್ಲದ್ದಕ್ಕೆ ಇಲ್ಲಿ ಚೀಲ ಹೊಲಿಯುತ್ತಿದ್ದರು. ನಿವೃತ್ತ ಬ್ಯಾಂಕ್ ನೌಕರರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ಮನೆಯಾಕೆ ತೀರಿಹೋಗಿ ಆರು ತಿಂಗಳಾಯಿತು. ಸಂಜೆ ಹೊತ್ತು ಮನೆಯಲ್ಲಿ ಇರಲಾಗುವುದಿಲ್ಲ" ಎಂದರು. ಕೊನೆಯಲ್ಲಿ ಒಬ್ಬ ಹುಡುಗ ನಾಚುತ್ತಲೇ ನಿಜ ಹೇಳಿದ: "ಎನ್ನೆಸ್ಸೆಸ್ ಸರ್ಟಿಫಿಕೇಟಿಗೆ ಗಂಟೆ ಲೆಕ್ಕ ಬೇಕು ಫಾದರ್."

ಇವರಲ್ಲಿ ಯಾರು ನಿಜವಾದ ಸ್ವಯಂಸೇವಕರು? ಈ ಪ್ರಶ್ನೆ ಮೇಲ್ನೋಟಕ್ಕೆ ಕಂಡಷ್ಟು ಸುಲಭದ್ದಲ್ಲ. ಪ್ರತಿ ಮಳೆಗಾಲದಲ್ಲೂ ನಮ್ಮ ನಾಡಿನ ಯಾವುದೋ ಒಂದು ಮೂಲೆ ಕುಸಿಯುತ್ತಿರುವ ಈ ದಿನಗಳಲ್ಲಿ ಅದನ್ನು ಶಾಂತವಾಗಿ ಯೋಚಿಸುವುದು ಅಗತ್ಯವೆನಿಸುತ್ತದೆ.

ಮೈಸೂರಿನ ವಿಶೇಷ ಸ್ಥಾನ

ಮೈಸೂರು ಸ್ವತಃ ದೊಡ್ಡ ಪ್ರಾಕೃತಿಕ ವಿಕೋಪಗಳನ್ನು ಹೆಚ್ಚಾಗಿ ಕಂಡ ನಗರವಲ್ಲ. ಆದರೆ ಅದರ ಸುತ್ತ ಕಣ್ಣಾಡಿಸಿ ನೋಡಿ. ಪಶ್ಚಿಮಕ್ಕೆ ಕೊಡಗು. ದಕ್ಷಿಣಕ್ಕೆ ಕಬಿನಿ ಕಣಿವೆ. 2019ರ ಆಗಸ್ಟಿನಲ್ಲಿ ಕಬಿನಿ ಉಕ್ಕಿದಾಗ ನಂಜನಗೂಡಿನ ಹೆದ್ದಾರಿ ಮಲ್ಲನಮೂಲೆ ಮಠದ ಬಳಿ ನೀರಿನಡಿ ಸೇರಿತ್ತು. ಅದರಾಚೆ ವಯನಾಡು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿದಾಗ, ತೋಟಗಳಲ್ಲಿ ದುಡಿಯಲು ಹೋಗಿ ಅಲ್ಲೇ ನೆಲೆಸಿದ್ದ ಚಾಮರಾಜನಗರ, ಮಂಡ್ಯ ಕಡೆಯ ಕನ್ನಡಿಗರೂ ಮಡಿದವರಲ್ಲಿ ಸೇರಿದ್ದರು. ಈ ಮೂರೂ ಕಡೆಗೆ ಮೂರು ನಾಲ್ಕು ಗಂಟೆಯ ಹಾದಿಯೊಳಗೆ ಇರುವ ದೊಡ್ಡ ನಗರ ಮೈಸೂರು. ಆಸ್ಪತ್ರೆಗಳಿವೆ, ಕಾಲೇಜುಗಳಿವೆ, ಮಾರುಕಟ್ಟೆಯಿದೆ, ರಜೆ ಹಾಕಿ ಬರಬಲ್ಲ ಯುವಜನರಿದ್ದಾರೆ. ಆದ್ದರಿಂದ ಕೊಡುವ ಊರಾಗಿ ನಿಲ್ಲುವುದು ಅದಕ್ಕೆ ಬಂದ ಪಾಲು.

ಇದಕ್ಕೆ ಒಂದು ಹಳೆಯ ಪರಂಪರೆಯೂ ಇದೆ. 1950ರಲ್ಲಿ ಚೆಲುವಾಂಬ ವಿಲಾಸ ಕಟ್ಟಡದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ದೇಶದ ಹಲವು ದುರಂತಗಳಲ್ಲಿ ಸಿದ್ಧ ಆಹಾರ ತಯಾರಿಸಿ ಕಳುಹಿಸಿದೆ. 2015ರ ಚೆನ್ನೈ ನೆರೆ, 2018ರ ಕೇರಳ ನೆರೆಯ ಸಂದರ್ಭಗಳು ಹಲವರಿಗೆ ನೆನಪಿರಬಹುದು. ಒಲೆಯೇ ಇಲ್ಲದ ಕಡೆ ಅಕ್ಕಿ ಮೂಟೆಯಿಂದ ಪ್ರಯೋಜನವಿಲ್ಲ, ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟಿನ ಮಿಶ್ರಣವೋ ಹಾಗೆಯೇ ತಿನ್ನಬಹುದಾದ ಚಪಾತಿಯೋ ಬೇಕು ಎಂಬ ಸರಳ ತಿಳುವಳಿಕೆಯೇ ಅಲ್ಲಿನ ಸೇವೆಯ ಬೆಲೆ. ಮರುಕಕ್ಕೆ ಅರಿವು ಜೊತೆಯಾದಾಗ ಏನಾಗುತ್ತದೆ ಎಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

ಆರು ಕಾರಣಗಳು

ಜನರು ಯಾಕೆ ಸ್ವಯಂಸೇವೆಗೆ ಬರುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಿಲ್ ಕ್ಲೇರಿ, ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1998ರಲ್ಲಿ ಆರು ಕಾರಣಗಳಾಗಿ ವಿಂಗಡಿಸಿದರು. ತಾನು ನಂಬಿದ ಮೌಲ್ಯಕ್ಕಾಗಿ ಬರುವುದು, ಹೊಸದನ್ನು ಕಲಿಯಲು ಬರುವುದು, ಬಂಧುಮಿತ್ರರ ಒಡನಾಟಕ್ಕಾಗಿ ಬರುವುದು, ಉದ್ಯೋಗಕ್ಕೆ ಅನುಕೂಲವಾಗಲೆಂದು ಬರುವುದು, ಒಳಗಿನ ಅಪರಾಧ ಭಾವವನ್ನೋ ಸ್ವಂತ ದುಃಖವನ್ನೋ ಮರೆಯಲು ಬರುವುದು, ತನ್ನ ಬಗ್ಗೆ ತನಗೇ ಗೌರವ ಹೆಚ್ಚಲೆಂದು ಬರುವುದು. ನಾವು ಆ ಸಂಜೆ ಚಹಾದ ಹೊತ್ತಿನಲ್ಲಿ ಕೇಳಿದ ಉತ್ತರಗಳು ಈ ಪಟ್ಟಿಯೊಳಗೆ ಹೆಚ್ಚು ಕಡಿಮೆ ಸರಿಯಾಗಿ ಕೂರುತ್ತವೆ.

ಆ ಅಧ್ಯಯನದಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಮಾತು. ಬಂದವರು ಯಾವ ಕಾರಣಕ್ಕೆ ಬಂದರೋ ಅದಕ್ಕೆ ಹೊಂದುವ ಅನುಭವ ಅವರಿಗೆ ಸಿಕ್ಕಿದರೆ ಅವರು ತೃಪ್ತರಾಗುತ್ತಾರೆ, ಮುಂದೆಯೂ ಸೇವೆಯಲ್ಲಿ ಉಳಿಯಲು ಬಯಸುತ್ತಾರೆ. ಕಲಿಯಲು ಬಂದವನಿಗೆ ಮೂಟೆ ಹೊರುವುದಷ್ಟೇ ಗತಿಯಾದರೆ, ದುಃಖ ಮರೆಯಲು ಬಂದವರನ್ನು ಒಂಟಿಯಾಗಿ ಲೆಕ್ಕದ ಪುಸ್ತಕದೆದುರು ಕೂರಿಸಿದರೆ, ಅವರು ಮರುದಿನ ಬರುವುದಿಲ್ಲ. ಅಂದರೆ 'ಯಾಕೆ ಬಂದಿರಿ' ಎಂಬ ಪ್ರಶ್ನೆಯನ್ನು ನಾವು ನ್ಯಾಯಾಧೀಶರಂತೆ ಕೇಳುವ ಬದಲು ಮನೆಯ ಯಜಮಾನನಂತೆ ಕೇಳಬೇಕು. ಬಂದವರಿಗೆ ತಕ್ಕ ಕೆಲಸ ಕೊಡಲು ಆ ಉತ್ತರ ಬೇಕು.

ಬೆರಕೆ ಮನಸ್ಸಿನ ಸೇವೆ ಸೇವೆಯಲ್ಲವೇ?

ಸ್ವಾರ್ಥ ಬೆರೆತ ಸೇವೆ ಸೇವೆಯೇ ಅಲ್ಲ ಎನ್ನುವವರಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1859ರ ಜೂನಿನಲ್ಲಿ ಇಟಲಿಯ ಸೋಲ್ಫೆರಿನೋ ಬಳಿಗೆ ಹೆನ್ರಿ ಡ್ಯುನಾಂಟ್ ಹೋದದ್ದು ಗಾಯಾಳುಗಳ ಆರೈಕೆಗಲ್ಲ. ಅಲ್ಜೀರಿಯಾದಲ್ಲಿದ್ದ ತನ್ನ ವ್ಯಾಪಾರದ ವಿಷಯವಾಗಿ ಫ್ರೆಂಚ್ ಚಕ್ರವರ್ತಿಯನ್ನು ಕಾಣಲು. ಯುದ್ಧಭೂಮಿಯಲ್ಲಿ ಸಾವಿರಾರು ಸೈನಿಕರು ದಿಕ್ಕಿಲ್ಲದೆ ಬಿದ್ದಿರುವುದನ್ನು ಕಂಡು ಆತ ಕಾಸ್ತಿಲ್ಯೋನೆ ಊರಿನ ಮಹಿಳೆಯರೊಂದಿಗೆ ಸೇರಿ ಶತ್ರು ಮಿತ್ರ ಭೇದವಿಲ್ಲದೆ ಆರೈಕೆಗೆ ನಿಂತ. 1863ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಹುಟ್ಟಿದ್ದು ಆ ಅನುಭವದಿಂದ.

ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಬಡವರ ಮನೆ ಬಾಗಿಲಿಗೆ ಹೋಗುವ ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಕಥೆಯೂ ಅಂಥದ್ದೇ. 1833ರಲ್ಲಿ ಪ್ಯಾರಿಸಿನ ಚರ್ಚೆಯೊಂದರಲ್ಲಿ, ನಿಮ್ಮ ಧರ್ಮಸಭೆ ಹಿಂದೆ ಏನೋ ಮಾಡಿರಬಹುದು, ಈಗ ಏನು ಮಾಡುತ್ತಿದ್ದೀರಿ ಎಂದು ಸಹಪಾಠಿಯೊಬ್ಬ ಚುಚ್ಚಿದ. ಆ ಮಾತು ಇಪ್ಪತ್ತರ ಹರೆಯದ ಫ್ರೆಡ್ರಿಕ್ ಓಝನಾಂಗೆ ನಾಟಿತು. ಆರಂಭಕ್ಕೆ ಕಾರಣವಾದದ್ದು ಒಂದು ಕುಟುಕು ಮಾತು. ಆದರೆ ಆ ಕೆಲಸ ಸುಮಾರು ಎರಡು ಶತಮಾನ ಬಾಳಿತು.

ಇನ್ನೊಂದು ಬದಿಯ ನಿದರ್ಶನವೂ ನಮ್ಮ ಕಣ್ಣೆದುರಿಗಿದೆ. 2018ರ ಕೇರಳ ನೆರೆಯಲ್ಲಿ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿ ಒಳನಾಡಿಗೆ ಒಯ್ದು ಸಾವಿರಾರು ಜನರನ್ನು ಉಳಿಸಿದರು. ಸರಕಾರ ದಿನಕ್ಕೆ 3,000 ರೂಪಾಯಿ ಗೌರವಧನ ಘೋಷಿಸಿದಾಗ, ಜೀವ ಉಳಿಸಿದ್ದಕ್ಕೆ ಹಣ ಬೇಡ ಎಂದವರು ಅವರಲ್ಲಿದ್ದರು. 2010ರ ಮೇ 22ರಂದು ಮಂಗಳೂರಿನ ಕೆಂಜಾರಿನಲ್ಲಿ ವಿಮಾನ ಕಮರಿಗೆ ಬಿದ್ದು 158 ಮಂದಿ ಸತ್ತ ದಿನ, ಉರಿಯುತ್ತಿದ್ದ ಆ ಜಾಗಕ್ಕೆ ಮೊದಲು ಇಳಿದವರು ಸುತ್ತಲಿನ ಮನೆಗಳ ಜನ. ಅವರಲ್ಲಿ ಯಾರೂ ತಮ್ಮ ಉದ್ದೇಶವನ್ನು ಶೋಧಿಸಲು ನಿಂತಿರಲಾರರು. ಕಷ್ಟ ಕಣ್ಣೆದುರಿಗೆ ಬಂದಾಗ ಕೈ ತಾನಾಗಿ ಮುಂದಾಗುತ್ತದೆ.

ಆದ್ದರಿಂದ ಶುದ್ಧ ಮನಸ್ಸಿನವರು ಮಾತ್ರ ಬನ್ನಿ ಎಂದರೆ ಲಾರಿ ತುಂಬಲು ಜನ ಸಿಗಲಾರರು. ಸರ್ಟಿಫಿಕೇಟಿಗಾಗಿ ಬಂದ ಹುಡುಗನನ್ನು ನಾವು ಹಗುರವಾಗಿ ಕಾಣಬಾರದು. ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ ಆರಂಭವಾದಾಗ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಲಿ ಎಂದು ಲೆಕ್ಕ ಇಟ್ಟದ್ದು, ಲೆಕ್ಕದಿಂದ ಆರಂಭವಾದದ್ದು ರೂಢಿಯಾಗಿ ಉಳಿಯಲಿ ಎಂಬ ನಿರೀಕ್ಷೆಯಿಂದಲೇ ಅಲ್ಲವೇ?

ಉದ್ದೇಶ ಹಾನಿ ಮಾಡುವುದು ಎಲ್ಲಿ?

ಹಾಗಾದರೆ ಉದ್ದೇಶ ಏನಿದ್ದರೂ ನಡೆಯುತ್ತದೆಯೇ? ಇಲ್ಲ. ಬಂದವನ ಅಗತ್ಯ ಸಂತ್ರಸ್ತನ ಅಗತ್ಯಕ್ಕಿಂತ ಮುಂದೆ ನಿಂತ ಕ್ಷಣದಿಂದ ಹಾನಿ ಆರಂಭವಾಗುತ್ತದೆ.

1957ರಲ್ಲೇ ಫ್ರಿಟ್ಸ್ ಮತ್ತು ಮ್ಯಾಥ್ಯೂಸನ್ ಎಂಬ ಸಂಶೋಧಕರು ಒಂದು ವಿಷಯ ಗುರುತಿಸಿದ್ದರು. ದುರಂತದ ಸ್ಥಳಕ್ಕೆ ಜನ, ಸಾಮಗ್ರಿ, ಸುದ್ದಿ ಮೂರೂ ಒಮ್ಮೆಲೇ ನುಗ್ಗುತ್ತವೆ. ನುಗ್ಗುವ ಜನರಲ್ಲಿ ಸಹಾಯಕರಷ್ಟೇ ಅಲ್ಲ, ಮನೆ ನೋಡಲು ಮರಳುವವರು, ಆತಂಕಗೊಂಡ ಬಂಧುಗಳು, ಕುತೂಹಲಿಗಳು, ದುರ್ಲಾಭ ಪಡೆಯುವವರೂ ಇರುತ್ತಾರೆ. ಕಿರಿದಾದ ಘಾಟಿ ರಸ್ತೆಯಲ್ಲಿ ಆಂಬುಲೆನ್ಸ್ ಮುಂದೆ ಹೋಗಲಾರದೆ ನಿಂತಾಗ, ಅಡ್ಡ ನಿಂತ ಕಾರಿನವನ ಮನಸ್ಸು ಎಷ್ಟು ಒಳ್ಳೆಯದೆಂಬುದು ಒಳಗೆ ಮಲಗಿದವನಿಗೆ ಪ್ರಯೋಜನಕ್ಕೆ ಬಾರದು. ಮೈಸೂರಿನಿಂದ ವಯನಾಡಿಗೆ ಹೊರಡುವವರಿಗಂತೂ ಇನ್ನೊಂದು ವಿಷಯ ತಿಳಿದಿರಬೇಕು: ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಉತ್ಸಾಹದಲ್ಲಿ ರಾತ್ರೋರಾತ್ರಿ ಹೊರಟರೆ ಬೆಳಗಾಗುವ ತನಕ ಗೇಟಿನಲ್ಲಿ ಕಾಯಬೇಕಾದೀತು.

ಸಾಮಗ್ರಿಯ ಕಥೆಯೂ ಹಾಗೆಯೇ. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಗೆ ದೇಶದೆಲ್ಲೆಡೆಯಿಂದ ಹಳೆ ಬಟ್ಟೆ ಲಾರಿಗಟ್ಟಲೆ ಬಂದು, ಯಾರೂ ತೊಡಲಾರದೆ ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಹರಿದ ಅಂಗಿ, ಒಂಟಿ ಚಪ್ಪಲಿ ಕಳುಹಿಸಿದವರು ಕೆಟ್ಟವರೇನಲ್ಲ. ಆದರೆ ಅವರು ಖಾಲಿ ಮಾಡಿದ್ದು ತಮ್ಮ ಮನೆಯ ಕಪಾಟು, ಹಗುರ ಮಾಡಿಕೊಂಡದ್ದು ತಮ್ಮ ಮನಸ್ಸು. ಕಡಲ ತಡಿಯಲ್ಲಿ ಎಲ್ಲವನ್ನೂ ಕಳೆದುಕೊಂಡ ಹೆಂಗಸಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಪರಿಹಾರ ವಿತರಣೆಯ ವರದಿಯೊಂದಿಗೆ ನಾವು ಒಂದು ಚಿತ್ರ ಪ್ರಕಟಿಸಿದೆವು. ನಾಲ್ಕಾರು ಮಂದಿ ಗಣ್ಯರ ನಡುವೆ ವಯಸ್ಸಾದ ತಾಯಿಯೊಬ್ಬರು ಅಕ್ಕಿ ಚೀಲಕ್ಕೆ ಕೈಯೊಡ್ಡಿದ ಚಿತ್ರ. ಎರಡು ದಿನ ಕಳೆದು ಅವರ ಮಗಳು ಫೋನ್ ಮಾಡಿದರು. ಸಿಟ್ಟಾಗಲಿಲ್ಲ. "ಫಾದರ್, ನಮ್ಮ ಅಮ್ಮ ಇಷ್ಟು ವರ್ಷ ಬಂದವರಿಗೆಲ್ಲ ಊಟ ಹಾಕಿದವರು. ಈಗ ನೆಂಟರೆಲ್ಲ ಆ ಚಿತ್ರ ನೋಡಿ ಕೇಳುತ್ತಿದ್ದಾರೆ. ಅವರು ಹೊರಗೆ ಬರುತ್ತಿಲ್ಲ. ತೆಗೆಯಬಹುದಾ?" ಎಂದರು. ಕೂಡಲೇ ತೆಗೆದೆವು. ಆದರೆ ಜನ ನೋಡಿಯಾಗಿತ್ತು. ಅಂದಿನಿಂದ, ಪಡೆಯುವವರ ಮುಖ ಕಾಣುವ ಚಿತ್ರಗಳನ್ನು ಪ್ರಕಟಿಸಬಾರದೆಂಬ ನಿಯಮ ಇಟ್ಟುಕೊಂಡಿದ್ದೇವೆ. ಚಿತ್ರ ಇಲ್ಲದಿದ್ದರೆ ದಾನಿಗಳಿಗೆ ಬೇಸರವಾಗುತ್ತದೆ ಎಂದು ದೂರುವ ಸಂಘಟಕರಿಗೆ ನಾವು ಈ ಕಥೆಯನ್ನೇ ಹೇಳುತ್ತೇವೆ.

ಧಾರ್ಮಿಕ ಪ್ರೇರಣೆಯ ಬಗ್ಗೆ ಒಂದು ಮಾತು

ನಂಬಿಕೆಯಿಂದ ಪ್ರೇರಿತರಾಗಿ ಬರುವವರ ಸಂಖ್ಯೆ ನಮ್ಮ ನಾಡಿನಲ್ಲಿ ದೊಡ್ಡದು. ಮೈಸೂರು ಧರ್ಮಪ್ರಾಂತ್ಯದ ವ್ಯಾಪ್ತಿಯೊಳಗೇ ಕೊಡಗು ಬರುವುದರಿಂದ ಅಲ್ಲಿನ ಕಥೋಲಿಕರಿಗೆ 2018ರ ದುರಂತ ಹೊರಗಿನದಾಗಿರಲಿಲ್ಲ. ಮಠಗಳಿಗೆ, ಮಸೀದಿಗಳಿಗೆ, ಗುರುದ್ವಾರಗಳಿಗೆ ತಮ್ಮದೇ ದಾಸೋಹದ, ದಾನದ, ಲಂಗರಿನ ಪರಂಪರೆಯಿದೆ. 2021ರ ಕೊರೊನಾ ಎರಡನೆಯ ಅಲೆಯಲ್ಲಿ ಬಂಧುಗಳೇ ಹತ್ತಿರ ಬಾರದ ಶವಗಳಿಗೆ ಬೇರೆ ಧರ್ಮದ ಯುವಕರು ಹೆಗಲು ಕೊಟ್ಟದ್ದನ್ನು ನಮ್ಮ ಊರುಗಳಲ್ಲೂ ಕಂಡೆವು.

ಆದರೆ ಧಾರ್ಮಿಕ ಪ್ರೇರಣೆಗೆ ಒಂದು ಹೆಚ್ಚಿನ ಎಚ್ಚರ ಬೇಕು. ಹಸಿದವನಿಗೆ ಅನ್ನದ ಜೊತೆ ಬ್ಯಾನರನ್ನೂ ಕೊಟ್ಟರೆ, ಅವನು ಯಾವುದನ್ನು ಒಪ್ಪಿಕೊಂಡ ಎಂಬ ಪ್ರಶ್ನೆ ಏಳುತ್ತದೆ. ಜಗದ್ಗುರು ಹದಿನಾರನೇ ಬೆನೆಡಿಕ್ಟರು 2005ರ ಡಿಸೆಂಬರ್ 25ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಇದನ್ನು ಸ್ಪಷ್ಟಪಡಿಸಿದ್ದರು: ಪ್ರೀತಿಯ ಸೇವೆ ಉಚಿತವಾದದ್ದು, ಅದು ಬೇರೊಂದು ಗುರಿ ಸಾಧಿಸುವ ಉಪಾಯವಾಗಬಾರದು, ಸೇವೆಗೆ ಇಳಿಯುವವನಿಗೆ ಕೆಲಸದ ಪರಿಣತಿಯೂ ಬೇಕು, ಹೃದಯದ ಸಂಸ್ಕಾರವೂ ಬೇಕು. ಈ ಮಾತು ಎಲ್ಲ ಧರ್ಮದವರಿಗೂ, ಎಲ್ಲ ಪಕ್ಷದವರಿಗೂ ಅನ್ವಯಿಸುತ್ತದೆ ಎಂಬುದು ನಮ್ಮ ಅನಿಸಿಕೆ.

ಎರಡನೆಯ ತಿಂಗಳ ಪರೀಕ್ಷೆ

ಕನ್ನಡದಲ್ಲಿ 'ಆರಂಭ ಶೂರತ್ವ' ಎಂಬ ಅರ್ಥಪೂರ್ಣ ಮಾತಿದೆ. ಸೋಲ್ಫೆರಿನೋದಲ್ಲೂ ಕೆಲವೇ ದಿನಗಳಲ್ಲಿ ನೆರವಿಗೆ ಬಂದವರ ಉತ್ಸಾಹ ಬತ್ತಿತು ಎಂದು ಡ್ಯುನಾಂಟ್ ಬರೆದಿದ್ದಾನೆ. ಅದಕ್ಕಾಗಿಯೇ ಆತ ಶಾಂತಿಯ ಕಾಲದಲ್ಲೇ ಸೇವಕರನ್ನು ತರಬೇತುಗೊಳಿಸಿ ಇಟ್ಟುಕೊಳ್ಳುವ ಸಂಘಗಳನ್ನು ಕೇಳಿದ.

ಕೊಡಗಿನ ಲೆಕ್ಕ ನೋಡಿ. ಗುಡ್ಡ ಕುಸಿದದ್ದು 2018ರ ಆಗಸ್ಟಿನಲ್ಲಿ. ಮೈಸೂರಿನ ಅಂಗಳಗಳು ಖಾಲಿಯಾದದ್ದು ಹೆಚ್ಚೆಂದರೆ ಮೂರು ವಾರಗಳಲ್ಲಿ. ಆ ಮೇಲೆ ದಸರಾ ತಯಾರಿ ಬಂತು. ಜಂಬೂರು, ಮದೆನಾಡುಗಳಲ್ಲಿ ಕಟ್ಟಿದ ಮನೆಗಳು ಸಂತ್ರಸ್ತರ ಕೈಸೇರಿದ್ದು 2020ರ ಜೂನ್‌ನಲ್ಲಿ. ನಡುವಿನ ಸುಮಾರು 22 ತಿಂಗಳು ಬಾಡಿಗೆ ಮನೆ, ಮಕ್ಕಳ ಶಾಲೆ, ಕಳೆದುಹೋದ ದಾಖಲೆ ಪತ್ರ, ತೋಟವೇ ಇಲ್ಲದ ಪಹಣಿ ಇವುಗಳೊಂದಿಗೆ ಜನ ಬದುಕಿದರು. ಆ ದಿನಗಳಲ್ಲಿ ಅವರಿಗೆ ಬೇಕಿದ್ದದ್ದು ಬಿಸ್ಕೆಟ್ ಅಲ್ಲ. ತಹಶೀಲ್ದಾರರ ಕಚೇರಿಗೆ ಜೊತೆಯಲ್ಲಿ ಬಂದು ಅರ್ಜಿ ಬರೆದುಕೊಡುವ ಒಬ್ಬ ಮನುಷ್ಯ. ಆ ಕೆಲಸಕ್ಕೆ ಚಿತ್ರವಿಲ್ಲ, ಚಪ್ಪಾಳೆಯಿಲ್ಲ. ಆದ್ದರಿಂದ ಮೊದಲ ವಾರ ಯಾರು ಯಾಕೆ ಬಂದರು ಎಂಬುದಕ್ಕಿಂತ ಎರಡನೆಯ ತಿಂಗಳು ಯಾರು ಉಳಿದರು ಎಂಬುದೇ ಉದ್ದೇಶದ ನಿಜವಾದ ಪರೀಕ್ಷೆ.

ಸೇವಕನ ಗಾಯ

ಇನ್ನೊಂದು ಮುಖವನ್ನು ನಾವು ಬಹುತೇಕ ಮರೆತೇ ಬಿಡುತ್ತೇವೆ. ವಯನಾಡಿನ ದುರಂತದಲ್ಲಿ ಚಾಲಿಯಾರ್ ನದಿಯಲ್ಲಿ ಕೆಳಗೆ ನಿಲಂಬೂರಿನ ತನಕ ಮೃತದೇಹಗಳು, ದೇಹದ ತುಂಡುಗಳು ತೇಲಿಬಂದವು. ಅವನ್ನು ಎತ್ತಿದ ಕೈಗಳಲ್ಲಿ ಸ್ವಯಂಸೇವಕರದ್ದೂ ಇದ್ದವು. ಅಂಥವರು ಮನೆಗೆ ಬಂದು ಸರಿಯಾಗಿ ನಿದ್ದೆ ಮಾಡಬಲ್ಲರೇ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1984ರ ಭೋಪಾಲ ದುರಂತದಿಂದ ಮೊದಲ್ಗೊಂಡು ಗುಜರಾತ್ ಭೂಕಂಪ, ಸುನಾಮಿಗಳ ತನಕ ಸಂತ್ರಸ್ತರ ಮಾನಸಿಕ ಆರೈಕೆಯಲ್ಲಿ ದುಡಿದಿದೆ. ನೆರವು ನೀಡಿದವನಿಗೂ ಅಂಥ ಆರೈಕೆ ಬೇಕೆಂಬುದನ್ನು ನಮ್ಮ ಸಂಘಟನೆಗಳು ಇನ್ನೂ ಪೂರ್ತಿಯಾಗಿ ಅರಿತಿಲ್ಲ.

'ಊರಿಗೆ ಉಪಕಾರಿ ಮನೆಗೆ ಮಾರಿ' ಎಂಬ ಗಾದೆಯನ್ನೂ ಇಲ್ಲಿ ನೆನೆಯಬೇಕು. ದಿನಗೂಲಿಯವನು ಮೂರು ದಿನ ಸೇವೆಗೆ ಹೋದರೆ ಮೂರು ದಿನದ ಕೂಲಿ ಹೋಯಿತು. ರಜೆಗೆ ಸಂಬಳ ಬರುವವನ ತ್ಯಾಗವನ್ನೂ ಇವನ ತ್ಯಾಗವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅವನ ಮನೆಗೆ ಒಂದು ವಾರದ ರೇಷನ್ ಕೊಟ್ಟರೆ ಅವನ ಸೇವೆ ಕೂಲಿಯಾಗಿ ಬಿಡುವುದಿಲ್ಲ.

ಏನು ಮಾಡಬಹುದು?

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ನೇತೃತ್ವದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಕೇಂದ್ರ ಸರಕಾರ 2016ರಲ್ಲಿ 30 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ 'ಆಪದ ಮಿತ್ರ' ಯೋಜನೆ ಬಳಿಕ 350 ಜಿಲ್ಲೆಗಳಿಗೆ ವಿಸ್ತರಿಸಿ, ಒಂದು ಲಕ್ಷ ಸ್ವಯಂಸೇವಕರಿಗೆ 12 ದಿನಗಳ ತರಬೇತಿ ನೀಡುವ ಗುರಿ ಇಟ್ಟುಕೊಂಡಿತು. ಮೈಸೂರಿನಲ್ಲೇ ಆಡಳಿತ ತರಬೇತಿ ಸಂಸ್ಥೆಯೊಳಗೆ ವಿಪತ್ತು ನಿರ್ವಹಣಾ ಕೇಂದ್ರವಿದೆ. ಕಲಿಯುವ ಮನಸ್ಸಿದ್ದರೆ ಕಲಿಸುವವರು ದೂರವಿಲ್ಲ.

ನಮ್ಮ ಯುವ ಸಂಘಟನೆಗಳಿಗೆ, ಧರ್ಮಕೇಂದ್ರಗಳಿಗೆ, ಕಾಲೇಜುಗಳಿಗೆ ನಮ್ಮ ಸೂಚನೆ ಇಷ್ಟೇ. ಮಳೆಗಾಲಕ್ಕೆ ಮೊದಲೇ ಹೆಸರು ಬರೆಸಿಕೊಳ್ಳಿ. ಯಾರಿಗೆ ಈಜು ಬರುತ್ತದೆ, ಯಾರಿಗೆ ಶುಶ್ರೂಷೆ ಗೊತ್ತು, ಯಾರು ಮಲಯಾಳ ಬಲ್ಲರು, ಯಾರು ಅರ್ಜಿ ಬರೆಯಬಲ್ಲರು ಎಂದು ಗುರುತಿಸಿ. ಕೇಳದೆ ಸಾಮಗ್ರಿ ಕಳುಹಿಸಬೇಡಿ, ಕರೆಯದೆ ಹೊರಡಬೇಡಿ. ಪ್ರತಿ ಹತ್ತು ಮಂದಿಯಲ್ಲಿ ಇಬ್ಬರನ್ನಾದರೂ ಮೊದಲ ವಾರ ಮನೆಯಲ್ಲೇ ಉಳಿಸಿ, ಎರಡನೆಯ ತಿಂಗಳಿಗೆಂದು ಮೀಸಲಿಡಿ. ಮರಳಿ ಬಂದವರನ್ನು ಒಂದು ಸಂಜೆ ಕೂರಿಸಿ ಮಾತಾಡಿಸಿ, ಕಂಡದ್ದನ್ನು ಹೇಳಿಕೊಳ್ಳಲಿ.

ಆ ನಿವೃತ್ತ ಬ್ಯಾಂಕ್ ನೌಕರರನ್ನು ಅದಾಗಿ ಹಲವು ತಿಂಗಳ ಬಳಿಕ ಮೈಸೂರಿನಲ್ಲೇ ಮತ್ತೆ ಭೇಟಿಯಾದೆವು. ಅಂದು ಲಾರಿ ಹೊರಟುಹೋದ ಮೇಲೂ ಅವರು ನಿಂತಿರಲಿಲ್ಲ. ಕೊಡಗಿನಿಂದ ಬಂದು ನಗರದಲ್ಲಿ ಬಾಡಿಗೆಗಿದ್ದ ಎರಡು ಕುಟುಂಬಗಳ ವಿಮೆ, ಬ್ಯಾಂಕ್ ಸಾಲದ ಕಾಗದ ಪತ್ರಗಳನ್ನು ಪ್ರತಿ ಶನಿವಾರ ಕುಳಿತು ನೋಡಿಕೊಡುತ್ತಿದ್ದರು. "ಮನೆಯಲ್ಲಿ ಇರಲಾಗದೆ ಬಂದವನು ನಾನು. ಈಗ ಶನಿವಾರ ಅವರು ಕಾಯುತ್ತಾರೆ ಅಂತ ಹೋಗುತ್ತೇನೆ" ಎಂದರು.

ಯಾಕೆ ಬಂದೆವು ಎಂಬುದು ನಮ್ಮ ಕೈಯಲ್ಲಿಲ್ಲದಿರಬಹುದು. ಯಾರಿಗಾಗಿ ಉಳಿಯುತ್ತೇವೆ ಎಂಬುದು ಖಂಡಿತವಾಗಿಯೂ ನಮ್ಮ ಕೈಯಲ್ಲಿದೆ.